ಪುತಳಿಸರದ ಗಡಿಯಾರ

ಭಾಲ್ಕಿಯ ನರಸಿಂಗರಾಯರು ಊಟಕ್ಕೆ ಕೂಡುವ ಮೊದಲು ಎರಡು ಕೆಲಸ ಮಾಡುತ್ತಿದ್ದರು. ಕೈಕಾಲು ತೊಳೆಯುವುದು ಒಂದು. ಶೇರವಾನಿಯ ಕಿಸೆಯಿಂದ ಬಂಗಾರದ ಗಡಿಯಾರ ಹೊರತೆಗೆದು, ಟಕ್ಕೆಂದು ಮುಚ್ಚಳ ಹಾರಿಸಿ, ಹೊತ್ತು ನೋಡಿ ‘ಹ್ಞೂಂ’ ಅನ್ನುವುದು ಇನ್ನೊಂದು. ಮೊದಲನೆಯದನ್ನು ಆಗಾಗ ಮರೆಯುತ್ತಿದ್ದರು, ಎರಡನೆಯದನ್ನು ಒಂದು ದಿನವೂ ಮರೆತವರಲ್ಲ. ಹೊತ್ತು ನೋಡಿಕೊಂಡು ಮಾಡುವಂಥ ಘನಕಾರ್ಯ ಏನಾದರೂ ಇತ್ತೇ ಎಂದರೆ ಅದೂ ಇಲ್ಲ. ಅವರು ಕಾಗದಪತ್ರ ನೋಡುವ ಪೇಶಕಾರರಾಗಿದ್ದ ಜಾಗೀರು ಸರಕಾರದ ಪಾಲಾಗಿ ವರ್ಷಗಳೇ ಕಳೆದಿದ್ದವು. ಜಾಗೀರದಾರರು ಹೈದರಾಬಾದಿಗೆ ಹೋದರು, ಪೇಶಕಾರಿಕೆ ಮಣ್ಣುಪಾಲಾಯಿತು, ಶೇರವಾನಿಯ ಮೊಣಕೈ ಹರಿಯಿತು. ಗಡಿಯಾರ ಮಾತ್ರ ಉಳಿಯಿತು.

ಹೆಂಡತಿ ಕೌಸಲ್ಯಾಬಾಯಿ ಒಲೆಯ ಮುಂದೆ ಜೋಳದ ರೊಟ್ಟಿ ಬಡಿಯುತ್ತ ಆ ಟಕ್ ಸಪ್ಪಳ ಕೇಳಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದಳು. ಕಚ್ಚದೆ ಏನು ಮಾಡಬೇಕು? ಆ ಗಡಿಯಾರ ಅವಳ ಕೊರಳಿನದು. ಅವಳ ತವರು ಠಾಣಾ ಕುಶನೂರು. ಅಪ್ಪ ಮಡೆಪ್ಪ ಕುರಿ ಮೇಯಿಸಿ, ಉಣ್ಣೆ ಮಾರಿ, ಹಬ್ಬಕ್ಕೂ ಹೊಸ ಧೋತರ ಕೊಳ್ಳದೆ ಕೂಡಿಸಿ ಮಗಳ ಕೊರಳಿಗೆ ಪುತಳಿಸರ ಹಾಕಿದ್ದ. ಬಂಗಾರದ ಬಿಲ್ಲೆ ಬಿಲ್ಲೆ ಪೋಣಿಸಿದ ಸರ, ಎದೆಯ ತನಕ ಇಳಿಯುತ್ತಿತ್ತು. ಅದನ್ನು ಅವಳು ತೊಟ್ಟದ್ದು ಒಂದು ದಸರೆ, ಒಂದು ದೀಪಾವಳಿ. ಆಮೇಲೆ ನರಸಿಂಗರಾಯರು ಅದನ್ನು ಬೀದರದ ಸರಾಫನ ಮೂಸೆಗೆ ಹಾಕಿಸಿ ತಮ್ಮ ಗಡಿಯಾರಕ್ಕೆ ಗಟ್ಟಿ ಬಂಗಾರದ ಮೈ ಮಾಡಿಸಿಕೊಂಡು ಬಂದರು. ಜಾಗೀರದಾರರ ದೊಡ್ಡ ಮನೆಯಾದ ದೇವಡಿಯಲ್ಲಿ ಬಂಗಾರದ ಗಡಿಯಾರ ಇದ್ದವರಿಗೆ ಅವರ ಗಾದಿಯ ಹತ್ತಿರ ಕೂಡಲು ಜಾಗ ಸಿಗುತ್ತಿತ್ತಂತೆ, ಬೆಳ್ಳಿಯದು ಇದ್ದವರು ಕಂಬದ ಆಚೆ. ಆರು ತಿಂಗಳೊಳಗೆ ಇದರ ಎರಡು ಪಟ್ಟು ಮಾಡಿಸಿಕೊಡುತ್ತೇನೆ ಎಂದು ಹೆಂಡತಿಯ ತಲೆ ಮುಟ್ಟಿ ಹೇಳಿದ್ದರು. ಮಗ ಹುಟ್ಟಿದ, ಮಗಳು ಹುಟ್ಟಿದಳು, ಮಗನಿಗೆ ಮೀಸೆ ಬಂತು, ನಿಜಾಮಶಾಹಿ ಮುಗಿಯಿತು, ಆ ಆರು ತಿಂಗಳು ಮಾತ್ರ ಮುಗಿಯಲಿಲ್ಲ.

ದಸರೆ ಕಳೆದ ಮೇಲಿನ ಒಂದು ಭಾನುವಾರ ಔರಾದದಿಂದ ಮಗಳು ಕೇಶರಬಾಯಿಯನ್ನು ನೋಡಲು ಬೀಗರು ಬಂದರು. ಹುಡುಗ ಮಚ್ಛೇಂದ್ರ, ಸಾಲಿ ಮಾಸ್ತರ, ತಲೆಗೆ ಎಣ್ಣೆ ಹಾಕಿ ಬೈತಲೆ ತೆಗೆದವನು. ಜೊತೆಗೆ ಅವನ ತಾಯಿ ಗಂಗುಬಾಯಿ. ಕೌಸಲ್ಯಾಬಾಯಿ ಹೂರಣದ ಹೋಳಿಗೆ ಮಾಡಿದ್ದಳು, ತುಪ್ಪ ನೆರೆಮನೆಯ ಮುನ್ನಿಬೀಯ ಹತ್ತಿರ ಕೇಳಿ ತಂದದ್ದು. ಉಂಡಾದ ಮೇಲೆ ಗಂಗುಬಾಯಿ ನೇರವಾಗಿ ಮಾತಾಡಿದಳು. ಹುಡುಗಿಯ ಮೈಮೇಲೆ ಏನು ಹಾಕುತ್ತೀರೋ ಅದು ನಿಮ್ಮ ಖುಷಿ, ನಾವು ಕೇಳುವುದಿಲ್ಲ. ಹುಡುಗ ಮಾತ್ರ ಒಂದು ಸ್ಟೀಲಿನ ಕೈಗಡಿಯಾರ ಬೇಕು ಅನ್ನುತ್ತಾನೆ, ಅವನ ಸಾಲಿಯ ಹೆಡ್‌ಮಾಸ್ತರ ಅಂಥದ್ದು ಕಟ್ಟುತ್ತಾರೆ, ಅದೊಂದು ಆದರೆ ಮಾಘದಲ್ಲಿ ಅಕ್ಷತೆ ಹಾಕಿಬಿಡೋಣ ಅಂದಳು.

ನರಸಿಂಗರಾಯರು ನಕ್ಕರು. ಆ ನಗೆ ಕೌಸಲ್ಯಾಬಾಯಿಗೆ ಗೊತ್ತಿತ್ತು, ಪೇಶಕಾರರು ರೈತರನ್ನು ನೋಡಿ ನಗುತ್ತಿದ್ದ ನಗೆ. ಕಿಸೆಯಿಂದ ಗಡಿಯಾರ ತೆಗೆದು, ಮುಚ್ಚಳ ಹಾರಿಸಿ, ಹುಡುಗನ ಅಂಗೈಯಲ್ಲಿ ಇಟ್ಟರು. ಇಂಥಾದ್ದು ನಿನಗೆ ನಮ್ಮ ಮನೆಯಿಂದಲೇ ಬರುವಾಗ ಸ್ಟೀಲು ಯಾಕೋ ಹುಚ್ಚಾ ಎಂಬುದು ಅವರ ಭಾವ. ಮಚ್ಛೇಂದ್ರ ಅದನ್ನು ಮೇಲೆ ಕೆಳಗೆ ತೂಗಿ ನೋಡಿದ.

“ಇದನ್ನ ಎಲ್ಲಿ ಇಟ್ಕೋಬೇಕ್ರಿ ಮಾವನೋರ? ನನ್ನ ಶರ್ಟಿನ ಕಿಸೆ ಹರೀತದ. ಈಗ ಇಂಥವು ಯಾರ್ ಇಡ್ತಾರ್ರಿ?”

ಬಾಗಿಲ ಹಿಂದೆ ನಿಂತಿದ್ದ ಕೇಶರಬಾಯಿ ಫಕ್ಕನೆ ನಕ್ಕುಬಿಟ್ಟಳು. ತಾಯಿ ಅವಳ ಕೈ ಚಿವುಟಿದಳೇನೋ ಖರೆ, ಆದರೆ ಮೆಲ್ಲಗೆ ಚಿವುಟಿದಳು.

ಬೀಗರು ಬಸ್ಸು ಹತ್ತಿದ್ದೇ ತಡ, ಮನೆಯಲ್ಲಿ ಜಗಳ ಹತ್ತಿತು. ಮಗ ದತ್ತಾತ್ರಿ ಭಾಲ್ಕಿಯ ಒಂದು ಅಡತಿ ಅಂಗಡಿಯಲ್ಲಿ ತೊಗರಿ ತೂಗಿಸುವ ಗುಮಾಸ್ತ. ಮನೆಗೆ ಬರುವ ದುಡ್ಡೆಂದರೆ ಅವನ ಪಗಾರ, ಮತ್ತೆ ಕೌಸಲ್ಯಾಬಾಯಿ ಮಗಳನ್ನು ಎದುರು ಕೂಡಿಸಿಕೊಂಡು ಬೀಸುಕಲ್ಲಿನಲ್ಲಿ ಮಂದಿಯ ತೊಗರಿ ಒಡೆದು ಗಳಿಸಿದ್ದು. ನರಸಿಂಗರಾಯರಿಂದ ಬರುತ್ತಿದ್ದುದು ಹುಕುಂ ಮಾತ್ರ. ದತ್ತಾತ್ರಿ ರೊಟ್ಟಿ ಮುರಿಯುತ್ತ, ಗಡಿಯಾರದ ಮೈ ಕರಗಿಸಿದರೆ ತಂಗಿಗೆ ಒಂದು ಸಣ್ಣ ಪುತಳಿಸರ ಆಗುತ್ತದೆ, ಹುಡುಗನಿಗೆ ಸ್ಟೀಲಿನದೂ ಬರುತ್ತದೆ ಎಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಉಳಿದದ್ದರಲ್ಲಿ ತನಗೂ ಒಂದು ಕೈಗಡಿಯಾರ ಕೊಳ್ಳಬಹುದು ಎಂದು ಬಾಲ ಸೇರಿಸಿದ. ಅಪ್ಪನ ಮಗನೇ ಅಲ್ಲವೇ, ಎಲ್ಲಿ ಹೋಗುತ್ತದೆ.

“ಕರಗಿಸ್ತಾನಂತ,” ನರಸಿಂಗರಾಯರು ಹೇಳಿದರು. “ಸ್ಟೀಲು ಅಂದ್ರ ಏನಲೇ? ಕಬ್ಬಿಣ. ಎತ್ತಿನ ಕಾಲಿಗಿ ಹೊಡಿಯೋ ನಾಲು. ಅದನ್ನ ಕೈಗಿ ಕಟ್ಕೊಂಡು ತಿರಗೋ ಮಂದಿಗಿ ಗಡಿಯಾರದ ಕಿಮ್ಮತ್ತು ಏನ್ ಗೊತ್ತದ. ಜರಾ ತಡಿ. ಬರೋ ತಿಂಗಳ ನಮ್ಮ ಬೀದರ ಜಿಲ್ಲಾ ಮೈಸೂರು ರಾಜ್ಯಕ್ಕ ಸೇರ್ತದ. ಮೈಸೂರು ಅಂದ್ರ ಮಹಾರಾಜರ ಸೀಮಿ. ಅಲ್ಲಿ ಚಪರಾಸಿನೂ ಜರಿ ರುಮಾಲು ಸುತ್ತತಾನ. ಅಲ್ಲಿಂದ ಬರೋ ಸಾಹೇಬ್ರು ಎದಿ ಮ್ಯಾಲ ಬಂಗಾರದ ಸರಪಳಿ ಇಲ್ದೆ ಬರ್ತಾರೇನು? ಅವರು ಬಂದ ದಿನ ಬಂಗಾರದ ಗಡಿಯಾರ ಹೊರಳಿ ಚಾಲ್ತಿಗಿ ಬರ್ತದ. ಆಗ ಈ ಮಾಸ್ತರ ಬಂದು ನನ್ನ ಕಾಲು ಹಿಡೀತಾನ.”

ದತ್ತಾತ್ರಿ ಇನ್ನೊಂದು ರೊಟ್ಟಿಗೆ ಕೈಚಾಚಿದ. ಕೌಸಲ್ಯಾಬಾಯಿ ಮಾತ್ರ ಬಿಡಲಿಲ್ಲ. ಪುಂಡಿಪಲ್ಯ ಬಡಿಸುತ್ತ ಬಡಿಸುತ್ತಲೇ ಕರಾರು ಹಾಕಿದಳು. ಮೈಸೂರಿನ ಸಾಹೇಬ ಬರಲಿ. ಅವನ ಎದೆಯ ಮೇಲೆ ಬಂಗಾರದ ಗಡಿಯಾರ ಕಂಡರೆ ಇನ್ನು ಸಾಯುವ ತನಕ ತಾನು ಪುತಳಿಸರದ ಹೆಸರು ಎತ್ತುವುದಿಲ್ಲ. ಕಾಣದಿದ್ದರೆ ಮರುದಿನವೇ ಗಡಿಯಾರ ಸರಾಫನ ಅಂಗಡಿಗೆ, ಮತ್ತೆ ಮಾತಿಲ್ಲ.

“ಮಕ್ಕಳ ಎದುರಿಗಿ ಹ್ಞೂಂ ಅನ್ರಿ,” ಅಂದಳು.

ನರಸಿಂಗರಾಯರು ಹ್ಞೂಂ ಅಂದರು. ಹ್ಞೂಂ ಅನ್ನುವುದು ಅವರಿಗೆ ಯಾವತ್ತೂ ಕಷ್ಟವಾಗಿರಲಿಲ್ಲ.

ಅಲ್ಲಿಂದ ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ನಡೆದದ್ದೆಲ್ಲ ಗಡಿಯಾರದ ಸೇವೆಯೇ. ಕೌಸಲ್ಯಾಬಾಯಿ ಸೀರೆ ಒಗೆಯಲು ನೆನೆಹಾಕಿದ್ದ ಅಂಟುವಾಳದ ನೀರನ್ನು ಬಗ್ಗಿಸಿಕೊಂಡು ನರಸಿಂಗರಾಯರು ಗಡಿಯಾರ ತಿಕ್ಕಿದರು. ರೈಲು ಹತ್ತಿ ಬೀದರಕ್ಕೆ ಹೋಗಿ ಗಡಿಯಾರದ ಅಂಗಡಿಯ ಫಕ್ರೋದ್ದೀನನನ್ನು ಕೇಳಿ ಬಂದರು. ಬಂಗಾರದ ಗಡಿಯಾರದ ಕಾಲ ಹೊರಳಿ ಬರುತ್ತದೆಯೋ ಇಲ್ಲವೋ? ಫಕ್ರೋದ್ದೀನ ಬಿಲ್ಕುಲ್ ಬರುತ್ತದೆ ಎಂದನಂತೆ. ಅವನೇನು ಅನ್ನದೆ ಇರುತ್ತಾನೆ, ಹೋದಾಗಲೆಲ್ಲ ಇವರೇ ಚಹಾ ತರಿಸುತ್ತಿದ್ದರು. ಮಚ್ಛೇಂದ್ರನಂಥವನು ಹೋಗಿ ಕೇಳಿದ್ದರೆ ಬಿಲ್ಕುಲ್ ಬರುವುದಿಲ್ಲ ಅನ್ನುತ್ತಿದ್ದ, ಆ ಚಹಾವನ್ನೂ ಕುಡಿಯುತ್ತಿದ್ದ. ಭಾಲ್ಕಿಯ ಸ್ಟೇಶನ್ ಮಾಸ್ತರನನ್ನು ಕೇಳಿದರು, ಔಷಧ ಅಂಗಡಿಯವನನ್ನು ಕೇಳಿದರು, ಮದುವೆಯ ಮುಹೂರ್ತಕ್ಕೆ ಇವರ ಗಡಿಯಾರವನ್ನೇ ನಂಬಿಕೊಂಡಿದ್ದ ಪುರೋಹಿತರನ್ನು ಕೇಳಿದರು. ಭಾಲ್ಕಿಯಲ್ಲಿ ಯಾರ ಮನೆಯ ಮದುವೆಯಾದರೂ ‘ಹೊತ್ತು ಎಷ್ಟಾತ್ರಿ’ ಎಂದು ಪುರೋಹಿತರು ಕೇಳುವುದು, ನರಸಿಂಗರಾಯರು ಎದ್ದು ನಿಂತು ಟಕ್ಕೆಂದು ಮುಚ್ಚಳ ಹಾರಿಸುವುದು ಹಿಂದಿನಿಂದ ನಡೆದು ಬಂದಿತ್ತು. ಪುರೋಹಿತರು ದಕ್ಷಿಣೆ ಕೊಡುವ ಮಂದಿಗೆ ಎದುರು ಮಾತಾಡುವವರಲ್ಲ. ಅವರೂ ಬರುತ್ತದೆ ಅಂದರು.

ಮೈಸೂರಿಗೆ ಸೇರಿದ ದಿನ ಊರಲ್ಲಿ ಪೇಡೆ ಹಂಚಿದರು, ತೋರಣ ಕಟ್ಟಿದರು. ಸಾಹೇಬ ಮಾತ್ರ ಅವತ್ತು ಬರಲಿಲ್ಲ. ಬೀದರಕ್ಕೆ ಆ ಕಡೆಯ ದೊಡ್ಡ ಸಾಹೇಬರೊಬ್ಬರು ಬರುತ್ತಾರೆ, ಹೆಣ್ಣುಮಕ್ಕಳು ಓದಲು ಒಂದು ವಸತಿಗೃಹ ಕಟ್ಟುವ ಸಲುವಾಗಿ ಸಭೆ ಇದೆ, ತಾಲೂಕಿನ ಹಿರಿಯರೆಲ್ಲ ಬರಬೇಕು ಎಂದು ಕೆಲವು ವಾರಗಳ ಮೇಲೆ ಸುದ್ದಿ ಬಂತು. ಕರೆದವರ ಪೈಕಿ ನರಸಿಂಗರಾಯರು ಇದ್ದರೋ ಇಲ್ಲವೋ ದೇವರೇ ಬಲ್ಲ, ಹೊರಟವರ ಪೈಕಿ ಅವರೇ ಮೊದಲು.

ಮನೆಯಲ್ಲಿ ತಾಲೀಮು ಶುರುವಾಯಿತು. ಜಾಗೀರದಾರರ ದೇವಡಿಯಲ್ಲಿ ನಜರ್ ಒಪ್ಪಿಸುವುದು ಎಂದು ಒಂದು ರೀತಿ ಇತ್ತು. ಬಿಳಿ ಕರವಸ್ತ್ರವನ್ನು ಎರಡೂ ಅಂಗೈಯ ಮೇಲೆ ಹಾಸಿ, ಅದರ ಮೇಲೆ ಬೆಲೆಯ ಒಡವೆ ಇಟ್ಟು, ನಡು ಬಗ್ಗಿಸಿ ದೊಡ್ಡವರ ಮುಂದೆ ಹಿಡಿಯಬೇಕು. ದೊಡ್ಡವರು ಎರಡು ಬೆರಳಿಂದ ಅದನ್ನು ಮುಟ್ಟಿ, ಮಾಫ್ ಎಂದು ಹೇಳಿ ಬಿಟ್ಟುಬಿಡಬೇಕು. ಒಡವೆ ಕೊಟ್ಟವನ ಕಿಸೆಗೇ ಮರಳಿ ಹೋಗುತ್ತದೆ, ಕೊಟ್ಟ ಮಾನವೂ ಉಳಿಯುತ್ತದೆ. ಪ್ರತಿ ಈದಿಗೂ ದಸರೆಗೂ ನರಸಿಂಗರಾಯರು ಇದೇ ಗಡಿಯಾರ ಹಿಡಿದಿದ್ದರು, ಜಾಗೀರದಾರರು ಮುಟ್ಟಿ ಬಿಟ್ಟಿದ್ದರು. ಈಗ ಮೈಸೂರಿನ ಸಾಹೇಬರ ಮುಂದೆ ಅದನ್ನೇ ಹಿಡಿದರೆ, ಅವರು ನೋಡುತ್ತಾರೆ, ಮುಟ್ಟುತ್ತಾರೆ, ಈ ಭಾಗದಲ್ಲಿ ಇಂಥ ದೊಡ್ಡ ಮನೆತನದ ಖಾನದಾನಿ ಮನುಷ್ಯ ಇದ್ದಾನೆ ಎಂದು ತಿಳಿಯುತ್ತಾರೆ. ಆಮೇಲೆ ಏನಾದರೊಂದು ಅಧಿಕಾರ ತಾನಾಗಿಯೇ ಬರುತ್ತದೆ. ಇದು ಅವರ ಲೆಕ್ಕ.

ತಾಲೀಮಿಗೆ ಸಾಹೇಬನಾಗಿ ಕೇಶರಬಾಯಿಯನ್ನು ನಿಲ್ಲಿಸುತ್ತಿದ್ದರು. ಹುಡುಗಿ ಬೀಸುಕಲ್ಲು ಬಿಟ್ಟೆದ್ದು, ತೊಗರಿ ಹೊಟ್ಟು ಮೆತ್ತಿದ ಕೈಯಿಂದಲೇ ಗಡಿಯಾರ ಮುಟ್ಟಿ ಮಾಫ್ ಅನ್ನಬೇಕು. ಗತ್ತು ಸಾಲದು ಎಂದು ಮತ್ತೆ ಮಾಡಿಸುತ್ತಿದ್ದರು. ಒಂದು ದಿನ ಅವಳು ಬೇಸತ್ತು ಕೇಳಿದಳು:

“ಅಪ್ಪಾ, ಸಾಹೇಬ್ರು ಮುಟ್ಟಿ ಬಿಡ್ಲಿಲ್ಲಂದ್ರ? ತಗೊಂಡೇ ಬಿಟ್ರ?”

“ದೊಡ್ಡವರು ಹಂಗ ಮಾಡಂಗಿಲ್ಲ ಮಗಳ. ಅದು ನಿಮ್ಮಂಥ ಕುರುಬರ ಓಣಿ ಮಂದಿ ಬುದ್ಧಿ.”

ನಿಮ್ಮಂಥ ಅಂದದ್ದು ಯಾರಿಗೆ ಎಂದು ಕೌಸಲ್ಯಾಬಾಯಿಗೆ ತಿಳಿಯಿತು. ಬೀಸುಕಲ್ಲಿನ ಗೂಟ ಹಿಡಿದು ಜೋರಾಗಿ ತಿರುವಿದಳು. ತಿರುಗಲಿ, ಇನ್ನು ಕೆಲವೇ ದಿನ, ಆಮೇಲೆ ಕುರುಬರ ಬಂಗಾರ ಕುರುಬರ ಮೊಮ್ಮಗಳ ಕೊರಳಿಗೆ ಹೋಗುತ್ತದೆ ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಆ ಹೊತ್ತಿಗೆ ಅವಳಿಗೆ ಬೇಕಾಗಿದ್ದದ್ದು ಅದೊಂದೇ.

ಸಭೆಯ ದಿನ ಕೌಸಲ್ಯಾಬಾಯಿ ತಾನೂ ಬರುತ್ತೇನೆ ಎಂದು ಹಟ ಹಿಡಿದಳು. ಸಾಹೇಬನ ಎದೆಯನ್ನು ಕಣ್ಣಾರೆ ನೋಡದೆ ಗಂಡನ ಮಾತು ನಂಬುವಷ್ಟು ಹುಚ್ಚಿ ಅವಳಲ್ಲ. ಮಗಳನ್ನೂ ಕರೆದುಕೊಂಡಳು. ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಭಾಲ್ಕಿಯಲ್ಲಿ ರೈಲು ಹತ್ತಿದರು. ನರಸಿಂಗರಾಯರು ದಾರಿಯುದ್ದಕ್ಕೂ ನಿಂತೇ ಬಂದರು, ಕೂತರೆ ಶೇರವಾನಿಯ ಇಸ್ತ್ರಿ ಮುರಿಯುತ್ತದೆ.

ಬೀದರದ ಬಯಲಿನಲ್ಲಿ ಶಾಮಿಯಾನ ಹಾಕಿದ್ದರು. ಹೆಂಗಸರಿಗೆ ಒಂದು ಮಗ್ಗಲು ಜಮಖಾನೆ. ವೇದಿಕೆಯ ಮೇಲೆ ಒಂದು ಮೇಜು, ಮೇಜಿನ ಮೇಲೆ ಹಿತ್ತಾಳೆಯ ಹರಿವಾಣ. ವಸತಿಗೃಹಕ್ಕೆ ಏನಾದರೂ ಕೊಡುವವರು ಆ ಹರಿವಾಣದಲ್ಲಿ ಹಾಕಬೇಕೆಂದು ಒಬ್ಬರು ಮೊದಲೇ ಕೂಗಿ ಹೇಳಿದರು. ನರಸಿಂಗರಾಯರು ಅದನ್ನು ಕೇಳಿರಲಿಕ್ಕಿಲ್ಲ. ಅವರು ಮುಂದಿನ ಸಾಲಿನ ಕುರ್ಚಿಗಾಗಿ ಯಾರದೋ ಜೊತೆ ವಾದ ಮಾಡುತ್ತಿದ್ದರು.

ಸಾಹೇಬರು ಬಂದರು. ತೆಳ್ಳಗಿನ ಮನುಷ್ಯ, ಕನ್ನಡಕ, ಖಾದಿಯ ಕೋಟು. ತಲೆಯ ಮೇಲೆ ಜರಿ ರುಮಾಲಿಲ್ಲ, ಎದೆಯ ಮೇಲೆ ಸರಪಳಿಯಿಲ್ಲ. ಮೈಕಿನ ಮುಂದೆ ನಿಂತು ಕೈ ಎತ್ತಿದಾಗ ಅವರ ಎಡಗೈ ಮಣಿಕಟ್ಟಿನಲ್ಲಿ ಚರ್ಮದ ಪಟ್ಟಿಯ ಸ್ಟೀಲಿನ ಗಡಿಯಾರ ಕಂಡಿತು. ಕೌಸಲ್ಯಾಬಾಯಿ ಕೇಶರಬಾಯಿಯ ತೊಡೆ ತಟ್ಟಿದಳು. ಮಹಾರಾಜರ ಸೀಮೆಯ ಸಾಹೇಬರೂ ಎತ್ತಿನ ನಾಲನ್ನೇ ಕಟ್ಟಿಕೊಂಡಿದ್ದರು. ಸಾಹೇಬರು ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಏನೇನೋ ಹೇಳಿದರು, ಅವಳಿಗೆ ಒಂದೂ ಕಿವಿಗೆ ಬೀಳಲಿಲ್ಲ. ಮಗಳ ಬರಿದಾದ ಕೊರಳನ್ನು ನೋಡುತ್ತ ಬಿಲ್ಲೆ ಎಷ್ಟು ದಪ್ಪ ಇರಬೇಕು, ಯಾವ ಸರಾಫನಿಗೆ ಕೊಡಬೇಕು ಎಂದು ಯೋಚಿಸುತ್ತ ಕೂತಳು. ಜೀವಮಾನದಲ್ಲಿ ಅಷ್ಟು ಸುಖದ ಗಳಿಗೆ ಅವಳಿಗೆ ಬಹಳ ಬಂದಿರಲಿಲ್ಲ.

ಭಾಷಣ ಮುಗಿದ ಮೇಲೆ ಹಿರಿಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು. ಕೆಲವರು ಹಾರ ಹಾಕಿದರು, ಕೆಲವರು ಹರಿವಾಣಕ್ಕೆ ಉಂಗುರವೋ ನೋಟೋ ಹಾಕಿ ಇಳಿದರು. ಆ ಸಾಲಿನ ನಡುವೆ ನರಸಿಂಗರಾಯರು. ಬಿಳಿ ಕರವಸ್ತ್ರ, ಅದರ ಮೇಲೆ ಗಡಿಯಾರ, ಎರಡೂ ಅಂಗೈ ಮುಂದೆ, ನಡು ಬಗ್ಗಿ, ತಾಲೀಮು ಮಾಡಿದ ಹಾಗೆಯೇ. ಸಾಹೇಬರು ಗಡಿಯಾರ ನೋಡಿದರು, ಇವರನ್ನು ನೋಡಿದರು, ಮುಖ ಅರಳಿತು. ಎರಡು ಬೆರಳಿಂದ ಮುಟ್ಟಲಿಲ್ಲ. ಎರಡೂ ಕೈಯಿಂದ ಭಕ್ತಿಯಿಂದ ಎತ್ತಿಕೊಂಡರು, ಎತ್ತಿ ಹರಿವಾಣದಲ್ಲಿ ಇಟ್ಟರು.

“ಭಾಲ್ಕಿಯ ಹಿರಿಯರಾದ ನರಸಿಂಗರಾಯರು ತಮ್ಮ ಬಂಗಾರದ ಗಡಿಯಾರವನ್ನೇ ಹೆಣ್ಣುಮಕ್ಕಳ ವಸತಿಗೃಹಕ್ಕೆ ದಾನ ಮಾಡಿದ್ದಾರೆ,” ಎಂದು ಪಕ್ಕದವರಿಂದ ಹೆಸರು ಕೇಳಿಕೊಂಡು ಮೈಕಿನಲ್ಲಿ ಹೇಳಿದರು. “ಈ ಜಿಲ್ಲೆಯ ಮನಸ್ಸು ಎಂಥದೆಂದು ನನಗೆ ಇಂದು ತಿಳಿಯಿತು.”

ಬಯಲೆಲ್ಲ ಚಪ್ಪಾಳೆ. ನರಸಿಂಗರಾಯರು ಬರಿಯ ಕರವಸ್ತ್ರ ಹಿಡಿದುಕೊಂಡು ಇನ್ನೂ ಬಗ್ಗಿಯೇ ಇದ್ದರು. ಮಾಫ್ ಎಂಬ ಮಾತಿಗಾಗಿ ಕಾಯುತ್ತಿದ್ದರು. ಆ ಮಾತು ಬರಲಿಲ್ಲ, ಯಾರೋ ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಆಗ ನೆಟ್ಟಗಾದರು. ಮೊದಲು ಕಂಗಾಲಾದ ಮುಖ, ಆಮೇಲೆ ಸುತ್ತ ನೋಡಿದ ಮುಖ, ಆಮೇಲೆ ಕೈಮುಗಿದು ನಗುವ ಮುಖ. ಮೂರನ್ನೂ ಕೌಸಲ್ಯಾಬಾಯಿ ಜಮಖಾನೆಯ ಮೇಲೆ ಕೂತೇ ನೋಡಿದಳು. ಮೊದಲನೆಯದನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸಿತ್ತು. ಮೂರನೆಯದನ್ನು ಕಂಡ ಮೇಲೆ ಅದೂ ಹೋಯಿತು.

ಅವಳು ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡಸರ ಸಾಲುಗಳ ನಡುವೆ ಹಾದು, ವೇದಿಕೆಯ ಮೆಟ್ಟಿಲ ಹತ್ತಿರ ಇಳಿದು ಬಂದಿದ್ದ ಸಾಹೇಬರ ಎದುರು ನಿಂತಳು. ಗಂಡ ಪಕ್ಕದಲ್ಲೇ ಹಾರ ಹಾಕಿಕೊಂಡು ನಿಂತಿದ್ದ.

“ಸಾಹೇಬ್ರ, ಆ ಬಂಗಾರ ನಂದದರಿ. ನನ್ನ ತವರಮನಿದು. ನನ್ನ ಮಗಳ ಲಗ್ನಕ್ಕ ಇಟ್ಟದ್ದು. ಇವರು ಕೊಡ್ಲಾಕ ಹಿಡಿದಿಲ್ಲರಿ, ನೀವು ಮುಟ್ಟಿ ಬಿಡ್ತೀರಿ ಅಂತ ಹಿಡಿದಾರ.”

ಸಾಹೇಬರಿಗೆ ಅವಳ ಮಾತು ಪೂರ್ತಿ ಅರ್ಥವಾಗಲಿಲ್ಲ. ಪಕ್ಕದವರೊಬ್ಬರು ನಜರಿನ ಪದ್ಧತಿಯನ್ನು ಮೆಲ್ಲಗೆ ತಿಳಿಸಿ ಹೇಳಿದರು. ಕೇಳಿ ಸಾಹೇಬರು ಗಾಬರಿಯಾದರು, ಕೆಟ್ಟ ಮನುಷ್ಯ ಅಲ್ಲ. ಮೇಜಿನ ಮೇಲಿಂದ ಗಡಿಯಾರ ತರಿಸಿ ಕೈಯಲ್ಲಿ ಹಿಡಿದರು.

“ನನಗೆ ಈ ಪದ್ಧತಿ ಗೊತ್ತಿರಲಿಲ್ಲ ತಾಯಿ. ಯಜಮಾನರು ಒಂದು ಮಾತು ಹೇಳಲಿ, ಈಗಲೇ ತೆಗೆದುಕೊಂಡು ಹೋಗಿ. ಏನು ರಾಯರೇ?”

ಒಂದು ಮಾತು. ಹೌದು ಅಂದರೆ ಗಡಿಯಾರ ಅವಳ ಕೈಯಲ್ಲಿ. ಸುತ್ತ ಭಾಲ್ಕಿಯ ಮಂದಿ, ಬೀದರದ ಮಂದಿ, ಸ್ಟೇಶನ್ ಮಾಸ್ತರ ಕೂಡ ಬಂದಿದ್ದ. ನರಸಿಂಗರಾಯರು ಗಡಿಯಾರ ನೋಡಿದರು, ಮಂದಿಯನ್ನು ನೋಡಿದರು. ಹೆಂಡತಿಯನ್ನು ನೋಡಲಿಲ್ಲ.

“ಹೆಣ್ಣಮಕ್ಕಳಿಗಿ ಬಂಗಾರದ ಆಸಿ ಬಿಡಂಗಿಲ್ಲರಿ ಸಾಹೇಬ್ರ,” ಎಂದು ನಕ್ಕರು. “ನಾ ಖುಷಿಲಿಂದ ಕೊಟ್ಟೇನಿ. ಕೊಟ್ಟಿದ್ದು ಹೊರಳಿ ಇಸ್ಕೊಳ್ಳೋ ಖಾನದಾನ ನಮ್ದಲ್ಲ.”

ಸುತ್ತಲಿನವರು ವಾಹ್ವಾ ಎಂದರು. ಕೌಸಲ್ಯಾಬಾಯಿ ಜಮಖಾನೆಯ ಕಡೆ ಹೊರಳಿದಳು. ಮಗಳ ಕೈ ಹಿಡಿದುಕೊಂಡು ಸ್ಟೇಶನ್ನಿಗೆ ನಡೆದಳು.

ರೈಲಿನಲ್ಲಿ ನರಸಿಂಗರಾಯರು ಇಸ್ತ್ರಿಯ ಚಿಂತೆಯಿಲ್ಲದೆ ಕೂತರು, ಹಾರ ಮಾತ್ರ ತೆಗೆಯಲಿಲ್ಲ. ನಡುನಡುವೆ ಕೈ ಕಿಸೆಗೆ ಹೋಗುತ್ತಿತ್ತು, ಬರಿದೇ ಹೊರಗೆ ಬರುತ್ತಿತ್ತು. ಮನ್ನಳ್ಳಿಯ ಒಬ್ಬ ಗೌಡರು ಎದುರಿಗೆ ಕೂತಿದ್ದರು. ಅವರಿಗೆ ಇಡೀ ಕಥೆ ಹೇಳಿದರು, ದಾನ ಮಾಡಬೇಕೆಂದು ತಾವು ಮೊದಲೇ ನಿಶ್ಚಯ ಮಾಡಿದ್ದರಂತೆ. ಆಮೇಲೆ ಹೆಂಡತಿಯ ಕಡೆ ಹೊರಳಿ, ನೋಡಿದಿಯಾ, ನನ್ನ ಮಾತು ಖರೆ ಆಯಿತು ಎಂದರು. ಬಂಗಾರದ ಗಡಿಯಾರ ಕಂಡದ್ದಕ್ಕೆ ಅಷ್ಟು ಚಪ್ಪಾಳೆ, ಸ್ಟೀಲಿನದು ಕೊಟ್ಟಿದ್ದರೆ ಒಬ್ಬನಾದರೂ ತಟ್ಟುತ್ತಿದ್ದನೇ, ಕಾಲ ಹೊರಳಿ ಬಂತು ಅನ್ನಲು ಇನ್ನೇನು ಬೇಕು? ಕೌಸಲ್ಯಾಬಾಯಿ ಗಂಟು ಬಿಚ್ಚಿ ಮಗಳಿಗೆ ರೊಟ್ಟಿ ಕೊಟ್ಟಳು, ತಾನು ಒಂದು ತಿಂದಳು, ಉಳಿದದ್ದನ್ನು ಗಂಡನಿಗೆ ಕೊಡದೆ ಮತ್ತೆ ಗಂಟು ಕಟ್ಟಿದಳು. ಹೊಟ್ಟೆಗೆ ಹಾರ ತಿನ್ನಲಿ.

ಕಾಲ ಹೊರಳಿ ಬಂದದ್ದು ಎಷ್ಟು ಖರೆಯೆಂದು ಮುಂದಿನ ವಾರವೇ ಗೊತ್ತಾಯಿತು. ದಾನ ಬಂದ ಒಡವೆಗಳನ್ನು ಬೀದರದಲ್ಲಿ ಲಿಲಾವು ಕೂಗಿ ಮಾರಿದರು. ದತ್ತಾತ್ರಿ ಅಂಗಡಿಯ ಕೆಲಸಕ್ಕೆಂದು ಹೋದವನು ನೋಡಿ ಬಂದು ಹೇಳಿದ. ಗಡಿಯಾರವೆಂದು ಅದನ್ನು ಕೇಳಿದವರು ಒಬ್ಬರೂ ಇಲ್ಲ. ಒಬ್ಬ ಸರಾಫ ಬರಿಯ ಬಂಗಾರದ ತೂಕಕ್ಕೆ ಹಿಡಿದನಂತೆ, ಅಲ್ಲೇ ಕೂತು ಮೈ ಬಿಚ್ಚಿಕೊಂಡು ಒಳಗಿನ ಯಂತ್ರವನ್ನು ಫಕ್ರೋದ್ದೀನನ ಕೈಗೆ ಬಿಟ್ಟಿ ಕೊಟ್ಟನಂತೆ. ಫಕ್ರೋದ್ದೀನ ಅದನ್ನು ತಿರುಗಿಸಿ ನೋಡಿ, ಈ ಜಮಾನಾದ್ದು ಯಾರಿಗೆ ಬೇಕು ಅಂದನಂತೆ. ನರಸಿಂಗರಾಯರು ಅಂಬಲಿ ಕುಡಿಯುತ್ತಿದ್ದರು. ಫಕ್ರೋದ್ದೀನ ಖಾನದಾನಿ ಅಲ್ಲ ಎಂದರು.

ಅಷ್ಟರಲ್ಲಿ ಔರಾದದಿಂದ ಗಂಗುಬಾಯಿ ಹೇಳಿಕಳಿಸಿದಳು. ದೊಡ್ಡ ದಾನ ಮಾಡಿದ ಸುದ್ದಿ ಕೇಳಿ ಬಹಳ ಸಂತೋಷ. ಬಂಗಾರದ ಗಡಿಯಾರ ಹರಿವಾಣಕ್ಕೆ ಹಾಕುವ ಮನೆಯವರಿಗೆ ಸ್ಟೀಲಿನದೊಂದು ಏನು ಭಾರ. ಲಗ್ನದ ಮೊದಲು ಹುಡುಗನ ಕೈಗೆ ಕಟ್ಟಿಬಿಡಿ, ಇಲ್ಲವೆಂದರೆ ನಮ್ಮ ಹುಡುಗನನ್ನು ಸಂತಪುರದ ಕಡೆ ಇನ್ನೊಂದು ಮನೆಯವರು ಕೇಳುತ್ತಿದ್ದಾರೆ. ಕೇಶರಬಾಯಿ ಬೀಸುಕಲ್ಲಿನ ಮುಂದೆ ಕೂತು ಇದನ್ನೆಲ್ಲ ಕೇಳಿದಳು. ಅವತ್ತು ಒಡೆದ ಬೇಳೆಯೆಲ್ಲ ನುಚ್ಚಾಯಿತು.

ಮರುದಿನ ಕೌಸಲ್ಯಾಬಾಯಿ ಮಗನನ್ನು ಕರೆದುಕೊಂಡು ಬೀದರಕ್ಕೆ ಹೋಗಿ ಸಂಜೆಗೆ ಬಂದಳು. ಎಂದಿನಂತೆ ರೊಟ್ಟಿ ಬಡಿದಳು, ಎಂದಿನಂತೆ ಗಂಡನಿಗೆ ತಾಟು ಇಟ್ಟಳು. ಬೇಳೆ ಬಡಿಸಲು ಬಗ್ಗಿದಾಗ ಕೊರಳಿನದು ಮುಂದಕ್ಕೆ ಇಳಿಬಿತ್ತು. ತಾಳಿಯ ಬಂಗಾರದ ಎರಡು ಬಟ್ಟಲು ಇರಲಿಲ್ಲ, ಗುಂಡುಗಳೂ ಇರಲಿಲ್ಲ. ಅರಿಷಿಣದ ದಾರ, ಅದಕ್ಕೊಂದು ಅರಿಷಿಣದ ಕೊಂಬು, ಆಚೀಚೆ ಒಂದಿಷ್ಟು ಕರಿಮಣಿ.

ನರಸಿಂಗರಾಯರ ಕೈ ತಾಟಿನಲ್ಲೇ ನಿಂತಿತು.

“ಏನಿದು?”

“ಅಳಿಯನ ಗಡಿಯಾರ ತಂದೇನಿ. ಪೆಟ್ಟಿಗಿದಾಗ ಅದ, ನೋಡ್ರಿ ಬೇಕಾದ್ರ.”

“ಗಂಡ ಜೀವಂತ ಅದಾನ, ತಾಳಿ ಮಾರಿ ಬಂದೀಯಾ?”

“ಜೀವಂತ ಅದೀರಿ ಅಂತೇ ಕೊಂಬು ಕಟ್ಕೊಂಡೇನಿ. ಇಲ್ಲಂದ್ರ ಇದೂ ಬೇಕಿದ್ದಿಲ್ಲ.”

ದತ್ತಾತ್ರಿ ತಲೆ ತಗ್ಗಿಸಿ ಉಣ್ಣುತ್ತಿದ್ದ. ತನಗೊಂದು ಕೈಗಡಿಯಾರದ ಮಾತು ಅವನ ಬಾಯಲ್ಲಿ ಅವತ್ತಿನಿಂದ ಬರಲಿಲ್ಲ. ನರಸಿಂಗರಾಯರು ಹೊರಗಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಕೇಳಿದರು:

“ಮಂದಿ ಏನಂತಾರ? ನನ್ನ ಇಜ್ಜತ್ತಿನ ಗತಿ ಏನು?”

“ಕೇಳಿದವರಿಗಿ ಹೇಳ್ತೇನಿ. ನನ್ನ ಗಂಡ ದೊಡ್ಡ ದಾನಿ ಅದಾನ, ಮನಿದಾಗ ಏನೂ ಉಳಿಸಿಲ್ಲ ಅಂತೇನಿ. ಉಣ್ರಿ, ರೊಟ್ಟಿ ಆರ್ಲಕತ್ತದ.”

ಅವರು ಉಂಡರು. ಹೊಟ್ಟೆಯ ವಿಷಯದಲ್ಲಿ ಅವರು ಯಾವತ್ತೂ ತಪ್ಪಿದವರಲ್ಲ.

ಮಾಘದಲ್ಲಿ ಮದುವೆ. ಅಂಗಳದಲ್ಲಿ ಹಂದರ, ನೆಂಟರಿಷ್ಟರು, ಮುನ್ನಿಬೀಯ ಮನೆಯಿಂದ ತಂದ ಜಮಖಾನೆ. ಕೇಶರಬಾಯಿಯ ಕೊರಳಲ್ಲಿ ಪುತಳಿಸರ ಇರಲಿಲ್ಲ, ಗಂಡನ ಮನೆಯವರು ತಂದ ಸಣ್ಣ ತಾಳಿ ಕಟ್ಟಬೇಕಾಗಿತ್ತು, ಅಷ್ಟೇ. ಹೆಂಗಸರು ತಾಯಿಯ ಕೊರಳಿನ ಕೊಂಬನ್ನು ನೋಡಿ ಗುಸುಗುಸು ಅಂದರು. ಕೌಸಲ್ಯಾಬಾಯಿ ಸೆರಗು ಹೊದ್ದುಕೊಳ್ಳಲಿಲ್ಲ. ನೋಡಲಿ ಎಂದೇ ಹೊದ್ದುಕೊಳ್ಳಲಿಲ್ಲ. ನರಸಿಂಗರಾಯರು ಅದೇ ಶೇರವಾನಿ ಹಾಕಿಕೊಂಡು, ಬಂದವರಿಗೆಲ್ಲ ಮೈಸೂರಿನ ಸಾಹೇಬರು ಮೈಕಿನಲ್ಲಿ ತಮ್ಮ ಹೆಸರು ಹೇಳಿದ್ದನ್ನು ಹೇಳುತ್ತಿದ್ದರು.

ಅಂತರಪಟ ಹಿಡಿದರು. ಮಂಗಳಾಷ್ಟಕ ಮುಗಿಯುತ್ತ ಬಂತು. ಪುರೋಹಿತರು ರೂಢಿಯಂತೆ ತಲೆ ಎತ್ತಿ, ಹೊತ್ತು ಎಷ್ಟಾತ್ರಿ ರಾಯರ ಎಂದು ಕೇಳಿದರು. ಹಂದರದ ಮಂದಿಯೆಲ್ಲ ಅದೇ ರೂಢಿಯಂತೆ ಅವರ ಕಡೆ ಹೊರಳಿದರು. ನರಸಿಂಗರಾಯರು ಎದ್ದು ನಿಂತರು, ಎದೆ ಉಬ್ಬಿಸಿದರು, ಕೈ ಕಿಸೆಯ ಒಳಗೆ ಹೋಯಿತು. ಅಲ್ಲೇ ಉಳಿಯಿತು. ಪುರೋಹಿತರು ಅಕ್ಷತೆ ಹಿಡಿದು ಕಾಯುತ್ತಿದ್ದರು, ಮಂದಿ ಕಾಯುತ್ತಿದ್ದರು. ಯಾರೋ ಹಿಂದಿನಿಂದ ಕೆಮ್ಮಿದರು.

ಮಗಳ ಹಿಂದೆ ನಿಂತಿದ್ದ ಕೌಸಲ್ಯಾಬಾಯಿ ಪುರೋಹಿತರಿಗೆ ಹೇಳಿದಳು, ಹಂದರದ ಕೊನೆಯವರೆಗೂ ಕೇಳುವ ಹಾಗೆ:

“ಅವರನ್ನ ಕೇಳಬ್ಯಾಡ್ರಿ. ನನ್ನ ತಾಳಿ ಅಳಿಯನ ಕೈಯಾಗ ಅದ. ಅದನ್ನ ಕೇಳ್ರಿ, ಹೊತ್ತು ಹೇಳ್ತದ.”

ಮಚ್ಛೇಂದ್ರ ಬಾಸಿಂಗ ಸರಿಸಿಕೊಂಡು, ಮಣಿಕಟ್ಟು ತಿರುವಿ, ತಲೆ ಎತ್ತದೆ ಹೊತ್ತು ಹೇಳಿದ. ಅಕ್ಷತೆ ಬಿದ್ದವು. ನರಸಿಂಗರಾಯರ ಕೈ ಇನ್ನೂ ಕಿಸೆಯಲ್ಲೇ ಇತ್ತು.